ನಾಯಿಗೆ ಆಪರೇಷನ್ ಯಾವಾಗ ಮಾಡಿಸಬೇಕು? ಎರಡು ಸಲಹೆಗಳ ನಡುವಿನ ಗೊಂದಲ

ಮರಿಗೆ ಆರು ತಿಂಗಳಾಗುತ್ತಿದ್ದಂತೆ ಸಂತಾನಹರಣ ಆಪರೇಷನ್ ಮಾಡಿಸಿಬಿಡಿ. ನಾಯಿ ಸಾಕುವವರು ದಶಕಗಳಿಂದ ಕೇಳಿಕೊಂಡು ಬಂದ ಮಾತು ಇದು. ಈಗ ಕೆಲವು ವರ್ಷಗಳಿಂದ ಬೇರೆಯದೇ ಸುದ್ದಿ ಓಡಾಡುತ್ತಿದೆ. ಬೇಗ ಆಪರೇಷನ್ ಆದ ನಾಯಿಗಳಿಗೆ ಕೀಲಿನ ತೊಂದರೆ ಜಾಸ್ತಿಯಂತೆ, ಕೆಲವು ತಳಿಗಳಿಗೆ ಕ್ಯಾನ್ಸರ್ ಕೂಡ ಜಾಸ್ತಿಯಂತೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಸಂಶೋಧಕರು ಯಾವ ತಳಿಗೆ ಯಾವ ವಯಸ್ಸು ಸರಿ ಎಂದು ಒಂದು ಪಟ್ಟಿಯನ್ನೇ ಮಾಡಿದ್ದಾರೆ. 2024ರಲ್ಲಿ ಇನ್ನೂ ಐದು ತಳಿಗಳು ಸೇರಿ ಆ ಪಟ್ಟಿ 40 ತಳಿಗೆ ಬೆಳೆಯಿತು. ಇದರ ಪಕ್ಕದಲ್ಲೇ ಇನ್ನೊಂದು ಅಂಕಿ ಇದೆ: ಆಪರೇಷನ್ ಆದ ನಾಯಿಗಳೇ ಹೆಚ್ಚು ವರ್ಷ ಬದುಕುತ್ತವೆ.

ಯಾವುದನ್ನು ನಂಬೋದು? ಎರಡೂ ಸರಿಯಾದ ಸಂಶೋಧನೆಯಿಂದಲೇ ಬಂದಿವೆ. ಗೊಂದಲ ಹುಟ್ಟುವುದು ಎರಡು ಬೇರೆ ಪ್ರಶ್ನೆಗಳನ್ನು ಒಂದೇ ಎಂದುಕೊಂಡಾಗ. ಊರಿನ ನಾಯಿಗಳ ಸಂಖ್ಯೆ ಹತೋಟಿಗೆ ಬರಬೇಕಾದರೆ ಏನು ಮಾಡಬೇಕು ಎನ್ನುವುದು ಒಂದು ಪ್ರಶ್ನೆ. ಮನೆಯಲ್ಲಿರುವ ಈ ಒಂದು ನಾಯಿಯ ಮೈಗೆ ಯಾವ ವಯಸ್ಸು ಒಳ್ಳೆಯದು ಎನ್ನುವುದು ಇನ್ನೊಂದು. ಆರು ತಿಂಗಳು ಎನ್ನುವ ಉತ್ತರ ಸಿದ್ಧವಾದದ್ದು ಮೊದಲನೆಯ ಪ್ರಶ್ನೆಗೆ. ಅದನ್ನೇ ಎರಡನೆಯದಕ್ಕೂ ಕೊಡುತ್ತಾ ಬಂದೆವು.

ಆರು ತಿಂಗಳು ಎಲ್ಲಿಂದ ಬಂತು

ಹೆಣ್ಣು ನಾಯಿ ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳ ನಡುವೆ ಮೊದಲ ಸಲ ಬೆದೆಗೆ ಬರುತ್ತದೆ. ದೊಡ್ಡ ತಳಿಗಳಲ್ಲಿ ಇನ್ನೂ ತಡವಾಗಬಹುದು. ಆಮೇಲೆ ವರ್ಷಕ್ಕೆ ಹೆಚ್ಚುಕಡಿಮೆ ಎರಡು ಸಲ. ಗರ್ಭದ ಅವಧಿ ಸುಮಾರು 63 ದಿನ. ಅಂದರೆ ಒಂದು ಬೆದೆ ಕೈತಪ್ಪಿದರೆ ಎರಡು ತಿಂಗಳಲ್ಲಿ ಒಂದು ಬುಟ್ಟಿ ಮರಿ.

1970ರ ದಶಕದ ಅಮೆರಿಕದಲ್ಲಿ ಆಶ್ರಯ ಕೇಂದ್ರಗಳು ವರ್ಷಕ್ಕೆ ಒಂದು ಕೋಟಿಗೂ ಹೆಚ್ಚು ನಾಯಿ, ಬೆಕ್ಕುಗಳಿಗೆ ದಯಾಮರಣ ಕೊಡುತ್ತಿದ್ದವು ಎಂಬ ಅಂದಾಜಿದೆ. ಆ ಹೊತ್ತಿನಲ್ಲಿ ಕೀಲಿನ ವಿಚಾರ ಯಾರಿಗೆ ಬೇಕಿತ್ತು? ಮೊದಲ ಬೆದೆಗೆ ಮುಂಚೆಯೇ ಆಪರೇಷನ್ ಮಾಡಿದರೆ ಅಚಾತುರ್ಯಕ್ಕೆ ಜಾಗವೇ ಇರುವುದಿಲ್ಲ ಎನ್ನುವ ತರ್ಕ ಗೆದ್ದಿತು. ಆಶ್ರಯ ಕೇಂದ್ರಗಳು ಇನ್ನೂ ಮುಂದೆ ಹೋಗಿ ಎರಡು ತಿಂಗಳ ಮರಿಗಳಿಗೂ ಆಪರೇಷನ್ ಮಾಡಿಯೇ ದತ್ತು ಕೊಡತೊಡಗಿದವು. ದತ್ತು ತೆಗೆದುಕೊಂಡವರು ಆಮೇಲೆ ಕರೆದುಕೊಂಡು ಬರುತ್ತಾರೆ ಎಂಬ ಭರವಸೆ ಅವರಿಗೆ ಇರಲಿಲ್ಲ. ಆ ಅನುಮಾನ ತಪ್ಪೂ ಆಗಿರಲಿಲ್ಲ.

ಇದಕ್ಕೆ ಪೂರ್ತಿ ಉಲ್ಟಾ ನಿಂತ ದೇಶ ನಾರ್ವೆ. ಅಲ್ಲಿನ ಪ್ರಾಣಿ ಕಲ್ಯಾಣ ಕಾಯ್ದೆ ಆರೋಗ್ಯದಂತಹ ತಕ್ಕ ಕಾರಣವಿಲ್ಲದೆ ಪ್ರಾಣಿಯ ದೇಹದ ಭಾಗ ತೆಗೆಯುವುದನ್ನು ಒಪ್ಪುವುದಿಲ್ಲ. ಹಾಗಾಗಿ ಅಲ್ಲಿ ನಾಯಿಗಳಿಗೆ ಆಪರೇಷನ್ ಒಂದು ಮಾಮೂಲಿ ಕ್ರಮವೇ ಅಲ್ಲ. ಆದರೂ ಬೀದಿ ತುಂಬಾ ನಾಯಿಗಳಿಲ್ಲ. ಅಲ್ಲಿ ನಾಯಿ ಸಡಿಲವಾಗಿ ತಿರುಗುವುದಿಲ್ಲ, ಬೆದೆಯ ಕಾಲದಲ್ಲಿ ಮಾಲೀಕರು ಕಣ್ಣಿಟ್ಟಿರುತ್ತಾರೆ. ನಾರ್ವೆಯನ್ನು ಉದಾಹರಣೆ ಕೊಡುವವರು ಈ ಭಾಗವನ್ನು ಆಗಾಗ ಬಿಟ್ಟುಬಿಡುತ್ತಾರೆ. ಕಾಂಪೌಂಡ್ ಇಲ್ಲದ ಮನೆ, ಗೇಟು ತೆರೆದೇ ಇರುವ ಬೀದಿ, ಸುತ್ತ ಆಪರೇಷನ್ ಆಗದ ಗಂಡು ನಾಯಿಗಳು. ಇಂಥ ಕಡೆ ಅದೇ ನೀತಿ ನಡೆಯುವುದಿಲ್ಲ.

ಎಲುಬಿನ ತುದಿಯಲ್ಲಿ ನಡೆಯುವುದು

ಈ ಆಪರೇಷನ್‌ನಲ್ಲಿ ಗಂಡಿನ ವೃಷಣಗಳನ್ನು ತೆಗೆಯುತ್ತಾರೆ. ಹೆಣ್ಣಿನಲ್ಲಿ ಅಂಡಾಶಯಗಳನ್ನು, ಹಲವು ಸಲ ಗರ್ಭಕೋಶವನ್ನೂ ಸೇರಿಸಿ ತೆಗೆಯುತ್ತಾರೆ. ಮರಿ ಹಾಕುವ ಶಕ್ತಿ ಮಾತ್ರ ಹೋಗುವುದಲ್ಲ, ಈ ಅಂಗಗಳು ತಯಾರಿಸುವ ಹಾರ್ಮೋನ್‌ಗಳೂ ನಿಲ್ಲುತ್ತವೆ. ಇಡೀ ಚರ್ಚೆ ನಿಂತಿರುವುದು ಇಲ್ಲಿ.

ಬೆಳೆಯುವ ಮರಿಯ ಉದ್ದ ಎಲುಬುಗಳ ತುದಿಯಲ್ಲಿ ಮೃದ್ವಸ್ಥಿಯ ಒಂದು ತೆಳು ಪದರ ಇರುತ್ತದೆ. ಎಲುಬು ಉದ್ದ ಬೆಳೆಯುವುದು ಅಲ್ಲಿಂದ. ಬೆಳವಣಿಗೆ ಮುಗಿದಾಗ ಆ ಪದರ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಸಣ್ಣ ನಾಯಿಗಳಲ್ಲಿ ಇದು ಎಂಟು ತಿಂಗಳೊಳಗೆ ಬಹುತೇಕ ಮುಗಿದಿರುತ್ತದೆ, ದೊಡ್ಡವುಗಳಲ್ಲಿ ಒಂದು ವರ್ಷ, ಒಂದೂವರೆ ವರ್ಷ ಹಿಡಿಯುತ್ತದೆ. 'ಇನ್ನು ಸಾಕು' ಎಂಬ ಸೂಚನೆ ಕೊಡುವುದರಲ್ಲಿ ಲೈಂಗಿಕ ಹಾರ್ಮೋನ್‌ಗಳ ಪಾಲು ದೊಡ್ಡದು.

ಸೂಚನೆ ಬರುವ ಮೊದಲೇ ಹಾರ್ಮೋನ್ ನಿಂತರೆ ಪದರ ತಡವಾಗಿ ಮುಚ್ಚುತ್ತದೆ. ಎಲುಬು ಸ್ವಲ್ಪ ಜಾಸ್ತಿ ಉದ್ದ ಬೆಳೆಯುತ್ತದೆ. ಬೇಗ ಆಪರೇಷನ್ ಆದ ನಾಯಿಗಳು ಕಾಲುದ್ದವಾಗಿ ಕಾಣುವುದಕ್ಕೆ ಇದೇ ಕಾರಣ. ಎತ್ತರ ಹೆಚ್ಚಾದರೆ ಏನು ತೊಂದರೆ ಎನಿಸಬಹುದು. ಎಲ್ಲ ಪದರಗಳೂ ಒಂದೇ ಹೊತ್ತಿಗೆ ಮುಚ್ಚುವುದಿಲ್ಲ. ಕೆಲವು ಎಲುಬು ಬೆಳೆದು ಮುಗಿದಿರುತ್ತವೆ, ಕೆಲವು ಇನ್ನೂ ಬೆಳೆಯುತ್ತಿರುತ್ತವೆ. ಹೀಗಾದಾಗ ಮಂಡಿಯಲ್ಲಿ, ಸೊಂಟದಲ್ಲಿ ಎಲುಬುಗಳು ಕೂಡುವ ಕೋನ ಸ್ವಲ್ಪ ಬದಲಾಗುತ್ತದೆ. ಹಗುರ ನಾಯಿ ಅದನ್ನು ತಡೆದುಕೊಳ್ಳುತ್ತದೆ. ಮೂವತ್ತು ಕಿಲೋ ತೂಗುವ ನಾಯಿ ಓಡಿ ಥಟ್ಟನೆ ತಿರುಗಿದಾಗ ಮಂಡಿಯೊಳಗೆ ಎಲುಬುಗಳನ್ನು ಕಟ್ಟಿಹಿಡಿಯುವ ಅಸ್ಥಿರಜ್ಜು (ಲಿಗಮೆಂಟ್) ಹರಿಯುವ ಸಾಧ್ಯತೆ ಹೆಚ್ಚುತ್ತದೆ.

ಇನ್ನೊಂದು ವಿವರಣೆಯೂ ಚರ್ಚೆಯಲ್ಲಿದೆ. ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಎಂಬ ಹಾರ್ಮೋನ್ ಕಳಿಸಿ ವೃಷಣ, ಅಂಡಾಶಯಗಳಿಗೆ ಕೆಲಸ ಹಚ್ಚುತ್ತದೆ. ಅವು ಕೆಲಸ ಮಾಡಿದರೆ ತಾನು ಸುಮ್ಮನಾಗುತ್ತದೆ. ಅವೇ ಇಲ್ಲದಿದ್ದರೆ ಎಲ್‌ಎಚ್ ಜೀವನವಿಡೀ ಮೇಲಿನ ಮಟ್ಟದಲ್ಲೇ ಉಳಿಯುತ್ತದೆ. ಈ ಹಾರ್ಮೋನನ್ನು ಗುರುತಿಸುವ ಜೀವಕೋಶದ ಗ್ರಾಹಕಗಳು (ರಿಸೆಪ್ಟರ್‌ಗಳು) ಅಸ್ಥಿರಜ್ಜು, ಮೂತ್ರಕೋಶದಂಥ ಕಡೆಗಳಲ್ಲೂ ಸಿಕ್ಕಿವೆ. ಆದರೆ ರೋಗಕ್ಕೆ ಇದೇ ಕಾರಣ ಎಂದು ಇನ್ನೂ ಸಾಬೀತಾಗಿಲ್ಲ. ಸಾಮಾಜಿಕ ಜಾಲತಾಣಗಳಲ್ಲಿ ಮಾತ್ರ ಇದನ್ನು ತೀರ್ಮಾನವಾದ ವಿಷಯದಂತೆ ಹೇಳುತ್ತಾರೆ.

ತಳಿ ತಳಿಗೂ ಲೆಕ್ಕ ಬೇರೆ

ಡೇವಿಸ್‌ನ ಬೆಂಜಮಿನ್ ಹಾರ್ಟ್, ಲಿನೆಟ್ ಹಾರ್ಟ್ ಮತ್ತು ಅವರ ತಂಡ 2013ರಲ್ಲಿ 759 ಗೋಲ್ಡನ್ ರಿಟ್ರೀವರ್‌ಗಳ ದಾಖಲೆ ನೋಡಿ ಮೊದಲ ವರದಿ ಕೊಟ್ಟರು. 2020ರ ಹೊತ್ತಿಗೆ 35 ತಳಿಗಳ ಲೆಕ್ಕ ಬಂತು. ಗೋಲ್ಡನ್ ರಿಟ್ರೀವರ್‌ಗಳಲ್ಲಿ ಆಪರೇಷನ್ ಆಗದ ಗಂಡುಗಳ ಪೈಕಿ ಕೀಲಿನ ರೋಗ ಕಂಡದ್ದು ಸುಮಾರು ಶೇ 5ರಲ್ಲಿ. ಆರು ತಿಂಗಳೊಳಗೆ ಆಪರೇಷನ್ ಆದವುಗಳಲ್ಲಿ ಅದು ಶೇ 25. ಹೆಣ್ಣುಗಳಲ್ಲಿ ಶೇ 4 ಇದ್ದದ್ದು ಶೇ 18ಕ್ಕೆ ಏರಿತು. ಲ್ಯಾಬ್ರಡಾರ್‌ನಲ್ಲೂ ಏರಿಕೆ ಇತ್ತು, ಆದರೆ ಸುಮಾರು ಎರಡು ಪಟ್ಟು ಅಷ್ಟೇ. ಜರ್ಮನ್ ಶೆಫರ್ಡ್‌ಗೆ ಎರಡು ವರ್ಷ ತುಂಬುವವರೆಗೆ ಕಾಯುವುದು ಒಳ್ಳೆಯದು ಎಂಬ ಸಲಹೆ ಬಂತು.

ಸುದ್ದಿಯಾದದ್ದು ಇಷ್ಟು. ಅದೇ ವರದಿಯ ಉಳಿದ ಭಾಗ ಅಷ್ಟು ಸುದ್ದಿಯಾಗಲಿಲ್ಲ. ಚಿವಾವಾ, ಯಾರ್ಕ್‌ಶೈರ್ ಟೆರಿಯರ್, ಡ್ಯಾಷ್‌ಹುಂಡ್ ತರಹದ ಸಣ್ಣ ತಳಿಗಳಲ್ಲಿ ಯಾವ ವಯಸ್ಸಿನಲ್ಲಿ ಮಾಡಿಸಿದರೂ ಕೀಲಿನ ತೊಂದರೆ ಹೆಚ್ಚಾಗಿರಲಿಲ್ಲ. ಹಾಗಂತ ದೊಡ್ಡ ನಾಯಿಗೆಲ್ಲ ಅಪಾಯ ಎನ್ನುವಂತೆಯೂ ಇಲ್ಲ. ಗ್ರೇಟ್ ಡೇನ್, ಐರಿಷ್ ವುಲ್ಫ್‌ಹೌಂಡ್ ಎರಡೂ ದೈತ್ಯ ತಳಿಗಳು, ಅವುಗಳಲ್ಲೂ ಏರಿಕೆ ಕಾಣಲಿಲ್ಲ. ಕ್ಯಾನ್ಸರ್ ಲೆಕ್ಕ ಇನ್ನೂ ವಿಚಿತ್ರ. ಗೋಲ್ಡನ್ ರಿಟ್ರೀವರ್ ಹೆಣ್ಣುಗಳಲ್ಲಿ ಯಾವ ವಯಸ್ಸಿನಲ್ಲಿ ಮಾಡಿಸಿದರೂ ಕೆಲವು ಕ್ಯಾನ್ಸರ್‌ಗಳು ಹೆಚ್ಚಿದ್ದವು. ಸಣ್ಣ ತಳಿಗಳ ಪೈಕಿ ಬಾಸ್ಟನ್ ಟೆರಿಯರ್ ಮತ್ತು ಶಿತ್ಸು ಎರಡರಲ್ಲಿ ಮಾತ್ರ ಏರಿಕೆ ಇತ್ತು. ಯಾಕೆ ಈ ಎರಡೇ ಎಂಬುದಕ್ಕೆ ಸರಳ ಉತ್ತರವಿಲ್ಲ.

ಮಿಶ್ರ ತಳಿಯ ನಾಯಿಗಳಿಗೆ ಅದೇ ತಂಡ ತೂಕದ ಲೆಕ್ಕ ಹಾಕಿತು. ಬೆಳೆದ ಮೇಲೆ 20 ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಗುವ ನಾಯಿಗಳಿಗೆ ಒಂದು ವರ್ಷದೊಳಗೆ ಆಪರೇಷನ್ ಮಾಡಿಸಿದರೆ ಕೀಲಿನ ಅಪಾಯ ಹೆಚ್ಚು. ಅದಕ್ಕಿಂತ ಹಗುರ ನಾಯಿಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಮೆರಿಕನ್ ಅನಿಮಲ್ ಹಾಸ್ಪಿಟಲ್ ಅಸೋಸಿಯೇಷನ್‌ನ ಮಾರ್ಗಸೂಚಿಯೂ ಸುಮಾರು ಇದೇ ಗೆರೆ ಎಳೆದಿದೆ. ಸಣ್ಣ ನಾಯಿಗಳಾದರೆ ಗಂಡಿಗೆ ಆರು ತಿಂಗಳಲ್ಲಿ, ಹೆಣ್ಣಿಗೆ ಮೊದಲ ಬೆದೆಗೆ ಮುಂಚೆ. ದೊಡ್ಡ ಗಂಡುಗಳಿಗೆ ಬೆಳವಣಿಗೆ ನಿಂತ ಮೇಲೆ, ಅಂದರೆ 9ರಿಂದ 15 ತಿಂಗಳ ನಡುವೆ. ದೊಡ್ಡ ಹೆಣ್ಣುಗಳಿಗೆ 5ರಿಂದ 15 ತಿಂಗಳವರೆಗೆ ಬಿಟ್ಟಿದೆ. ಅಷ್ಟು ಅಗಲದ ಅಂತರ ಕೊಟ್ಟಿದ್ದಾರೆ ಎಂದರೆ ಅವರಿಗೂ ಒಂದೇ ಮಾತಿನಲ್ಲಿ ಹೇಳಲು ಆಗಿಲ್ಲ ಎಂದರ್ಥ.

ಈ ಅಧ್ಯಯನಗಳಿಗೆ ಇರುವ ಆಕ್ಷೇಪವನ್ನೂ ಹೇಳಬೇಕು. ಡೇವಿಸ್‌ನ ಅಂಕಿಗಳು ಬಂದದ್ದು ಒಂದು ದೊಡ್ಡ ಬೋಧನಾ ಆಸ್ಪತ್ರೆಯ ಹಳೆಯ ದಾಖಲೆಗಳಿಂದ. ಅಂಥ ಕಡೆ ಕಾಯಿಲೆ ಜೋರಾದ ನಾಯಿಗಳೇ ಜಾಸ್ತಿ ಬರುತ್ತವೆ. ಆಪರೇಷನ್ ಮಾಡಿಸುವ ಮಾಲೀಕರು ಸಾಮಾನ್ಯವಾಗಿ ವೆಟ್ ಬಳಿ ಹೆಚ್ಚು ಹೋಗುವವರು, ಆದ್ದರಿಂದ ಅವರ ನಾಯಿಗಳ ರೋಗ ಹೆಚ್ಚು ಪತ್ತೆಯೂ ಆಗುತ್ತದೆ. ಆಪರೇಷನ್ ನಂತರ ತೂಕ ಏರುತ್ತದೆ, ತೂಕವೇ ಕೀಲಿಗೆ ಹೊಡೆತ ಕೊಡಬಹುದು. ಇಂಥ ಗೊಂದಲ ತಪ್ಪಿಸಲು ನಾಯಿಗಳನ್ನು ಮರಿಯಿಂದಲೇ ಹಿಂಬಾಲಿಸಬೇಕು. ಮಾರಿಸ್ ಅನಿಮಲ್ ಫೌಂಡೇಷನ್ 2012ರಲ್ಲಿ ಶುರು ಮಾಡಿದ ಅಧ್ಯಯನ ಮೂರು ಸಾವಿರಕ್ಕೂ ಹೆಚ್ಚು ಗೋಲ್ಡನ್ ರಿಟ್ರೀವರ್‌ಗಳನ್ನು ಹಾಗೆ ಹಿಂಬಾಲಿಸುತ್ತಿದೆ. ಅಲ್ಲಿಂದ 2019ರಲ್ಲಿ ಬಂದ ವರದಿಯೂ ಆರು ತಿಂಗಳೊಳಗಿನ ಆಪರೇಷನ್‌ಗೂ ಕೀಲು, ಅಸ್ಥಿರಜ್ಜು ಗಾಯಗಳಿಗೂ ನಂಟಿದೆ ಎಂದೇ ಹೇಳಿತು. ನಾಯಿಯನ್ನು ತೆಳ್ಳಗೆ ಇಟ್ಟರೂ ಆ ಅಪಾಯ ಪೂರ್ತಿ ಹೋಗಲಿಲ್ಲ. ಹಾಗಾಗಿ ಕೀಲಿನ ಮಾತು ಬರೀ ದಾಖಲೆಯ ದೋಷ ಎಂದು ತಳ್ಳಿಹಾಕುವುದು ಕಷ್ಟ.

ಹಾಗಾದರೆ ಮಾಡಿಸದೇ ಬಿಡೋಣವೇ?

ಇಲ್ಲಿ ಹೆಣ್ಣು ನಾಯಿಯ ಗರ್ಭಕೋಶದ ವಿಷಯ ಎದುರಾಗುತ್ತದೆ. ಪ್ರತಿ ಬೆದೆಯ ನಂತರ, ಗರ್ಭ ನಿಂತರೂ ನಿಲ್ಲದಿದ್ದರೂ, ನಾಯಿಯ ದೇಹದಲ್ಲಿ ಗರ್ಭಕ್ಕೆ ಸಿದ್ಧಗೊಳಿಸುವ ಪ್ರೊಜೆಸ್ಟರೋನ್ ಎಂಬ ಹಾರ್ಮೋನ್ ಎರಡು ತಿಂಗಳ ಕಾಲ ಮೇಲಿರುತ್ತದೆ. ಗರ್ಭಕೋಶದ ಒಳಪದರ ದಪ್ಪವಾಗುತ್ತದೆ, ರೋಗನಿರೋಧಕ ಕಾವಲು ಸಡಿಲವಾಗುತ್ತದೆ. ಬೆದೆಯಲ್ಲಿ ಒಳಹೊಕ್ಕ ಬ್ಯಾಕ್ಟೀರಿಯಾಗಳಿಗೆ ಇದು ಹಬ್ಬ. ಹೀಗೆ ಗರ್ಭಕೋಶದಲ್ಲಿ ಕೀವು ತುಂಬುವ ರೋಗಕ್ಕೆ ಪಯೋಮೆಟ್ರಾ ಎನ್ನುತ್ತಾರೆ. ಸ್ವೀಡನ್‌ನಲ್ಲಿ ನಾಯಿಗಳಿಗೆ ಆಪರೇಷನ್ ಮಾಡಿಸುವ ರೂಢಿ ಕಡಿಮೆ, ವಿಮೆ ಮಾಡಿಸುವ ರೂಢಿ ಜಾಸ್ತಿ. ಅಲ್ಲಿನ ವಿಮೆ ದಾಖಲೆಗಳ ಪ್ರಕಾರ ಹತ್ತು ವರ್ಷ ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ನಾಲ್ಕು ಹೆಣ್ಣುಗಳಲ್ಲಿ ಒಂದಕ್ಕೆ ಈ ರೋಗ ಬಂದಿರುತ್ತದೆ.

ಬೆದೆ ಮುಗಿದು ಒಂದೆರಡು ತಿಂಗಳಲ್ಲಿ ನಾಯಿ ಅತಿಯಾಗಿ ನೀರು ಕುಡಿದರೆ, ಮತ್ತೆ ಮತ್ತೆ ಮೂತ್ರ ಮಾಡಿದರೆ, ಊಟ ಬಿಟ್ಟು ಮಂಕಾದರೆ, ಯೋನಿಯಿಂದ ಕೀವಿನಂಥ ಸ್ರಾವ ಬಂದರೆ ಅದೇ ದಿನ ವೆಟ್ ಬಳಿ ಹೋಗಬೇಕು. ಸ್ರಾವ ಕಾಣದಿದ್ದರೂ ನೆಮ್ಮದಿ ಬೇಡ. ಗರ್ಭಕೋಶದ ಬಾಯಿ ಮುಚ್ಚಿದ್ದರೆ ಕೀವು ಒಳಗೇ ಉಳಿಯುತ್ತದೆ, ಅದು ಇನ್ನೂ ಅಪಾಯ. ಆಗ ಮಾಡುವ ಚಿಕಿತ್ಸೆಯೂ ಹೆಚ್ಚಾಗಿ ಇದೇ ಆಪರೇಷನ್. ಆರೋಗ್ಯವಂತ ಎಳೆ ನಾಯಿಗೆ ಮಾಡಬೇಕಾದ್ದನ್ನು ವಿಷ ಏರಿದ ಮುದಿ ನಾಯಿಗೆ ಮಾಡಬೇಕಾಗುತ್ತದೆ ಅಷ್ಟೇ.

ಎರಡನೆಯದು ಸ್ತನದ ಗೆಡ್ಡೆ. 1969ರ ಒಂದು ಅಧ್ಯಯನದ ಅಂಕಿಗಳು ಎಲ್ಲ ಕಡೆ ಸಿಗುತ್ತವೆ: ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಅಪಾಯ ಶೇ 0.5, ಒಂದು ಬೆದೆಯ ನಂತರ ಶೇ 8, ಎರಡು ಅಥವಾ ಹೆಚ್ಚಿನ ಬೆದೆಯ ನಂತರ ಶೇ 26. ನೂರು ನಾಯಿಗಳಲ್ಲಿ 26ಕ್ಕೆ ಗೆಡ್ಡೆ ಬರುತ್ತದೆ ಎಂದು ಬಹಳ ಜನ ಓದಿಕೊಳ್ಳುತ್ತಾರೆ. ಅದು ತಪ್ಪು. ಆಪರೇಷನ್ ಆಗದ ನಾಯಿಗಿರುವ ಅಪಾಯವನ್ನು ನೂರು ಎಂದಿಟ್ಟುಕೊಂಡರೆ, ಎರಡು ಬೆದೆಯ ನಂತರ ಮಾಡಿಸಿದ ನಾಯಿಯದು 26 ಎಂದರ್ಥ. 2012ರಲ್ಲಿ ಈ ವಿಷಯದ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದವರು ಪುರಾವೆ ದುರ್ಬಲವಾಗಿದೆ ಎಂದರು. ರಕ್ಷಣೆಯೇ ಇಲ್ಲ ಎಂದೇನೂ ಅವರು ಹೇಳಲಿಲ್ಲ.

ಹೆಣ್ಣು ನಾಯಿಗೆ ಆಪರೇಷನ್‌ನ ಒಂದು ಅಡ್ಡ ಪರಿಣಾಮ ಮೂತ್ರ ಸೋರುವಿಕೆ. ಮಲಗಿದ ಜಾಗ ಒದ್ದೆಯಾಗುತ್ತದೆ. ದೊಡ್ಡ ತಳಿಗಳಲ್ಲಿ ಹೆಚ್ಚು. ಔಷಧಿಯಿಂದ ಬಹುತೇಕ ಹತೋಟಿಗೆ ಬರುತ್ತದೆ, ಆದರೆ ವರ್ಷಗಟ್ಟಲೆ ಕೊಡಬೇಕಾಗಬಹುದು.

ಗಂಡಿಗೆ ಪಯೋಮೆಟ್ರಾದಷ್ಟು ದೊಡ್ಡ ಬೆದರಿಕೆ ಯಾವುದೂ ಇಲ್ಲ. ವಯಸ್ಸಾದ ಮೇಲೆ ಪ್ರಾಸ್ಟೇಟ್ ಗ್ರಂಥಿ ಊದಿಕೊಳ್ಳುವುದು ಸಾಮಾನ್ಯ, ಆಗ ಆಪರೇಷನ್ ಮಾಡಿದರೆ ಕುಗ್ಗುತ್ತದೆ. ವೃಷಣದ ಗೆಡ್ಡೆ ಬೇರೆ ಕಡೆ ಹರಡುವುದು ಅಪರೂಪ. ಹಾಗಾಗಿ ದೊಡ್ಡ ಗಂಡು ನಾಯಿ ಹದ್ದುಬಸ್ತಿನಲ್ಲಿದ್ದರೆ ಕಾಯುವುದರಿಂದ ಕಳೆದುಕೊಳ್ಳುವುದು ಕಡಿಮೆ. ಒಂದು ವಿನಾಯಿತಿ ಇದೆ. ವೃಷಣ ಕೆಳಗಿಳಿಯದೆ ಹೊಟ್ಟೆಯಲ್ಲೇ ಉಳಿದಿದ್ದರೆ ಅದು ಗೆಡ್ಡೆಯಾಗುವ ಸಾಧ್ಯತೆ ಹಲವು ಪಟ್ಟು ಹೆಚ್ಚು. ಅದನ್ನು ತೆಗೆಸಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ.

ಸ್ವಭಾವ ಸರಿಹೋಗುತ್ತದೆಯೇ

'ಆಪರೇಷನ್ ಮಾಡಿಸಿ, ಸೌಮ್ಯ ಆಗುತ್ತೆ.' ಅತಿ ಹೆಚ್ಚು ಕೇಳಿಬರುವ, ಅತಿ ಕಡಿಮೆ ಆಧಾರವಿರುವ ಭರವಸೆ ಇದೇ ಇರಬೇಕು.

ವೃಷಣದಲ್ಲಿ ತಯಾರಾಗುವ ಟೆಸ್ಟೋಸ್ಟೆರೋನ್ ಹಾರ್ಮೋನ್ ನೇರವಾಗಿ ನಡೆಸುವ ಕೆಲವು ನಡವಳಿಕೆಗಳಿವೆ. ಬೆದೆಗೆ ಬಂದ ಹೆಣ್ಣನ್ನು ಹುಡುಕಿ ಓಡುವುದು, ಮನೆಯೊಳಗೆ ಕಾಲೆತ್ತಿ ಗುರುತು ಹಾಕುವುದು, ಮೇಲೆ ಹತ್ತುವುದು. 1997ರಲ್ಲಿ 57 ಗಂಡು ನಾಯಿಗಳನ್ನು ನೋಡಿದ ಅಧ್ಯಯನದಲ್ಲಿ ಈ ಮೂರೂ ಅಭ್ಯಾಸಗಳು ಶೇ 60ಕ್ಕೂ ಹೆಚ್ಚು ನಾಯಿಗಳಲ್ಲಿ ಅರ್ಧಕ್ಕರ್ಧ ಇಳಿದಿದ್ದವು. ನಾಯಿಯ ವಯಸ್ಸಿಗೂ ಫಲಿತಾಂಶಕ್ಕೂ ಸಂಬಂಧ ಕಾಣಲಿಲ್ಲ. ಇದು ಮುಖ್ಯ. 'ಈಗಲೇ ಮಾಡಿಸದಿದ್ದರೆ ಅಭ್ಯಾಸ ಗಟ್ಟಿಯಾಗಿಬಿಡುತ್ತೆ' ಎಂಬ ಅವಸರಕ್ಕೆ ಈ ಅಧ್ಯಯನ ಬೆಂಬಲ ಕೊಡುವುದಿಲ್ಲ.

ಕಚ್ಚುವುದು, ಗುರ್ ಎನ್ನುವುದು ಬೇರೆ ವಿಷಯ. ಹದಿಮೂರು ಸಾವಿರಕ್ಕೂ ಹೆಚ್ಚು ನಾಯಿಗಳ ಬಗ್ಗೆ ಮಾಲೀಕರು ತುಂಬಿದ ಪ್ರಶ್ನಾವಳಿಗಳ ಮೇಲೆ 2018ರಲ್ಲಿ ಬಂದ ವಿಶ್ಲೇಷಣೆಯಲ್ಲಿ ಆಪರೇಷನ್‌ನಿಂದ ಆಕ್ರಮಣಶೀಲತೆ ಇಳಿದದ್ದು ಕಾಣಲಿಲ್ಲ. ಏಳರಿಂದ ಹನ್ನೆರಡು ತಿಂಗಳಲ್ಲಿ ಆಪರೇಷನ್ ಆದವುಗಳಲ್ಲಿ ಅಪರಿಚಿತರ ಮೇಲಿನ ಸಿಟ್ಟು ಸ್ವಲ್ಪ ಹೆಚ್ಚೇ ಇತ್ತು. ಕಾರಣ ಊಹಿಸುವುದು ಕಷ್ಟವಲ್ಲ. ಬಹಳಷ್ಟು ನಾಯಿಗಳು ಕಚ್ಚುವುದು ಹೆದರಿಕೆಯಿಂದ. ಟೆಸ್ಟೋಸ್ಟೆರೋನ್ ಅಲ್ಪಸ್ವಲ್ಪ ಧೈರ್ಯ ಕೊಡುವ ಹಾರ್ಮೋನ್. ಮೊದಲೇ ಪುಕ್ಕಲಾಗಿರುವ ನಾಯಿಯಿಂದ ಅದನ್ನೂ ಕಿತ್ತುಕೊಂಡರೆ ಹೆದರಿಕೆ ಇಳಿಯುತ್ತದೆ ಎಂದು ನಂಬಲು ಕಾರಣವಿಲ್ಲ. ಇಂಥ ನಾಯಿಗೆ ಬೇಕಿರುವುದು ತರಬೇತಿ.

ಅನುಮಾನವಿದ್ದರೆ ಗಂಡು ನಾಯಿಗೆ ಪರೀಕ್ಷಾರ್ಥ ದಾರಿಯೊಂದಿದೆ. ಡೆಸ್ಲೊರೆಲಿನ್ ಎಂಬ ಇಂಪ್ಲಾಂಟ್ ಅನ್ನು ಚರ್ಮದಡಿ ಇಟ್ಟರೆ ಆರು ತಿಂಗಳು ಅಥವಾ ವರ್ಷದ ಮಟ್ಟಿಗೆ ಹಾರ್ಮೋನ್ ಇಳಿಯುತ್ತದೆ, ಆಮೇಲೆ ಮರಳುತ್ತದೆ. ಸ್ವಭಾವ ಹದಗೆಟ್ಟರೆ ಆಪರೇಷನ್ ಬೇಡ ಎಂದು ಗೊತ್ತಾಗುತ್ತದೆ. ಮೊದಲ ಒಂದೆರಡು ವಾರ ಮಾತ್ರ ಹಾರ್ಮೋನ್ ಏರಿ ನಾಯಿ ಹೆಚ್ಚು ತುಂಟಾಟ ಮಾಡಬಹುದು, ಗಾಬರಿಯಾಗಬೇಕಿಲ್ಲ.

ಹೆಚ್ಚು ಬದುಕುತ್ತವೆ ಎಂಬ ಅಂಕಿ

2013ರಲ್ಲಿ ಉತ್ತರ ಅಮೆರಿಕದ ಪಶುವೈದ್ಯ ಬೋಧನಾ ಆಸ್ಪತ್ರೆಗಳ 40,139 ನಾಯಿಗಳ ಸಾವಿನ ದಾಖಲೆಗಳನ್ನು ನೋಡಿದ ಸಂಶೋಧಕರಿಗೆ ಕಂಡದ್ದು ಇದು: ಆಪರೇಷನ್ ಆದ ಗಂಡುಗಳ ಆಯುಸ್ಸು ಶೇ 13.8, ಹೆಣ್ಣುಗಳದ್ದು ಶೇ 26.3 ಹೆಚ್ಚು. ಆಪರೇಷನ್ ಆಗದವು ಸೋಂಕು ಮತ್ತು ಅಪಘಾತಗಳಿಂದ ಹೆಚ್ಚು ಸತ್ತಿದ್ದವು. ಆದವು ಕ್ಯಾನ್ಸರ್‌ನಿಂದ ಹೆಚ್ಚು ಸತ್ತಿದ್ದವು. ಕ್ಯಾನ್ಸರ್ ವಯಸ್ಸಿನ ಜೊತೆ ಬರುವ ರೋಗ, ಅಲ್ವಾ? ಹೆಚ್ಚು ಬದುಕಿದ್ದಕ್ಕೇ ಅದರ ಪಾಲು ಸ್ವಲ್ಪ ಏರಿರಬಹುದು. ಇನ್ನೊಂದು ಕಡೆ, ಆರು ತಿಂಗಳೊಳಗೆ ಸತ್ತ ಮರಿಗಳೆಲ್ಲ ಸಹಜವಾಗಿ 'ಆಪರೇಷನ್ ಆಗದ' ಗುಂಪಿಗೆ ಬೀಳುತ್ತವೆ. ಆಪರೇಷನ್ ಮಾಡಿಸುವ ಮಾಲೀಕರು ಲಸಿಕೆ ಹಾಕಿಸುವವರೂ ಹೌದು, ಗೇಟು ಮುಚ್ಚುವವರೂ ಹೌದು. ಆಯುಸ್ಸಿನ ಎಷ್ಟು ಭಾಗ ಕತ್ತರಿಯದು, ಎಷ್ಟು ಭಾಗ ಆರೈಕೆಯದು ಎಂದು ಬಿಡಿಸಿ ಹೇಳುವುದು ಈ ದಾಖಲೆಗಳಿಂದ ಆಗದು.

ದುಡಿಯುವ ನಾಯಿಗಳು

ಕುರುಡರಿಗೆ ದಾರಿ ತೋರುವ ನಾಯಿಗೆ ವರ್ಷಕ್ಕೆರಡು ಸಲ ಮೂರು ಮೂರು ವಾರ ಬೆದೆಯಿದ್ದರೆ ಕೆಲಸ ನಿಲ್ಲುತ್ತದೆ. ರಸ್ತೆಯಲ್ಲಿ ಬೆದೆಯ ವಾಸನೆ ಹಿಡಿದು ಗಮನ ತಪ್ಪುವ ಗಂಡು ಇನ್ನೂ ಅಪಾಯ. ಹಾಗಾಗಿ ಇಂಥ ನಾಯಿಗಳಿಗೆ ಸಾಮಾನ್ಯವಾಗಿ ಆಪರೇಷನ್ ಮಾಡಿಸುತ್ತಾರೆ, ಮರಿಗಾಗಿ ಇಟ್ಟುಕೊಂಡವನ್ನು ಬಿಟ್ಟು. ಆದರೆ ಇವು ಬಹುಪಾಲು ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್‌ಗಳು. ಕೀಲಿನ ಪಟ್ಟಿಯ ಮೇಲ್ಭಾಗದಲ್ಲಿರುವವು ಇವೇ. ಎರಡು ವರ್ಷ ತರಬೇತಿ ಕೊಟ್ಟ ನಾಯಿ ಮಂಡಿ ಹರಿದುಕೊಂಡರೆ ಆ ತರಬೇತಿಯೂ ವ್ಯರ್ಥ. ಪೊಲೀಸ್, ಸೇನೆ, ಹಿಂಡು ಕಾಯುವ ನಾಯಿಗಳಿಗೆ ಜಿಗಿತ, ತಿರುವು ಇನ್ನೂ ಹೆಚ್ಚು. ಇಲ್ಲಿ ಬೆಳವಣಿಗೆ ಮುಗಿಯುವವರೆಗೆ ಕಾಯುವ ವಾದ ಎಲ್ಲಕ್ಕಿಂತ ಬಲವಾಗಿದೆ. ಕಾಯುವ ಅವಧಿಯಲ್ಲಿ ನಾಯಿ ತರಬೇತುದಾರರ ಕೈಯಲ್ಲೇ ಇರುವುದರಿಂದ ಬೇಡದ ಮರಿಗಳ ಭಯವೂ ಇಲ್ಲ.

ಮಧ್ಯದ ದಾರಿ, ಅದರ ಬೆಲೆ

ಹಾರ್ಮೋನ್ ಉಳಿಸಿ ಮರಿ ಮಾತ್ರ ತಡೆಯುವ ಆಪರೇಷನ್‌ಗಳೂ ಇವೆ. ಗಂಡಿಗೆ ವ್ಯಾಸೆಕ್ಟಮಿ, ಹೆಣ್ಣಿಗೆ ಅಂಡಾಶಯ ಬಿಟ್ಟು ಗರ್ಭಕೋಶ ತೆಗೆಯುವುದು. ಕೇಳಲು ಚೆನ್ನಾಗಿದೆ. ಆದರೆ ವ್ಯಾಸೆಕ್ಟಮಿ ಆದ ಗಂಡು ಹಿಂದಿನಂತೆಯೇ ಓಡುತ್ತದೆ, ಕಾಲೆತ್ತುತ್ತದೆ. ಅಂಡಾಶಯ ಉಳಿದ ಹೆಣ್ಣು ಬೆದೆಗೆ ಬರುತ್ತಲೇ ಇರುತ್ತದೆ, ಗಂಡು ನಾಯಿಗಳು ಗೇಟಿನ ಮುಂದೆ ಸೇರುತ್ತಲೇ ಇರುತ್ತವೆ. ಸ್ತನದ ಗೆಡ್ಡೆಯ ಅಪಾಯವೂ ಹಾಗೇ ಉಳಿಯುತ್ತದೆ. ಗರ್ಭಕೋಶದ ಚೂರು ಉಳಿದರೆ ಅಲ್ಲೇ ಕೀವು ತುಂಬಬಹುದು, ಹಾಗಾಗಿ ನುರಿತ ಕೈ ಬೇಕು. ಎಲ್ಲ ವೆಟ್‌ಗಳೂ ಇದನ್ನು ಮಾಡುವುದಿಲ್ಲ.

ದಿನಾಂಕ ಗೊತ್ತುಮಾಡುವ ಮೊದಲು

ಮೇಲಿನ ಲೆಕ್ಕವೆಲ್ಲ ಮೂರು ಸಂಗತಿಗಳ ಮೇಲೆ ನಿಲ್ಲುತ್ತದೆ: ಬೆಳೆದಾಗ ನಾಯಿ ಎಷ್ಟು ತೂಗುತ್ತದೆ, ಗಂಡೋ ಹೆಣ್ಣೋ, ಕಾಯುವಷ್ಟು ದಿನ ಅದನ್ನು ನಿಜಕ್ಕೂ ಹದ್ದುಬಸ್ತಿನಲ್ಲಿ ಇಡಲು ಆಗುತ್ತದೆಯೇ. ಮೂರನೆಯದಕ್ಕೆ ಉತ್ತರ 'ಇಲ್ಲ' ಎಂದಾದರೆ ಮೊದಲೆರಡರ ತೂಕ ಇಳಿದುಹೋಗುತ್ತದೆ. ಬೀದಿಯಲ್ಲಿ ತಿರುಗುವ, ದತ್ತು ಹೋಗುವ ನಾಯಿಗೆ ಬೇಗ ಮಾಡಿಸುವುದೇ ಈಗಲೂ ಸರಿ. ಗೋಲ್ಡನ್ ರಿಟ್ರೀವರ್ ಅಂಕಿ ತೋರಿಸಿ ಅದನ್ನು ತಡೆಯುವುದು ಅನ್ಯಾಯ.

ಕಾಯಲು ನಿರ್ಧರಿಸಿದ ಹೆಣ್ಣು ನಾಯಿಗೆ ಬೆದೆಯ ನಡುವೆ ಆಪರೇಷನ್ ಬೇಡ. ಆಗ ಆ ಭಾಗಕ್ಕೆ ರಕ್ತ ಸಂಚಾರ ಹೆಚ್ಚಿರುತ್ತದೆ. ಬೆದೆ ಮುಗಿದ ತಕ್ಷಣವೂ ಬೇಡ, ಹಾರ್ಮೋನ್ ಥಟ್ಟನೆ ಇಳಿದರೆ ಸುಳ್ಳು ಗರ್ಭದ ಲಕ್ಷಣಗಳು ಕಾಣಿಸಿಕೊಳ್ಳಬಹುದು. ಸಾಮಾನ್ಯವಾಗಿ ಎರಡು ಮೂರು ತಿಂಗಳು ಬಿಟ್ಟು ಮಾಡುತ್ತಾರೆ.

ಯಾವ ವಯಸ್ಸಿನಲ್ಲಿ ಮಾಡಿಸಿದರೂ ಆಪರೇಷನ್ ನಂತರ ನಾಯಿಗೆ ಬೇಕಾದ ಆಹಾರ ಸುಮಾರು ಕಾಲು ಭಾಗದಷ್ಟು ಇಳಿಯುತ್ತದೆ, ಹಸಿವು ಮಾತ್ರ ಏರುತ್ತದೆ. ಹಳೆಯ ಅಳತೆಯಲ್ಲೇ ಹಾಕುತ್ತಾ ಹೋದರೆ ಕೆಲವೇ ತಿಂಗಳಲ್ಲಿ ತೂಕ ಕೂರುತ್ತದೆ. 48 ಲ್ಯಾಬ್ರಡಾರ್‌ಗಳನ್ನು ಜೀವನಪೂರ್ತಿ ಹಿಂಬಾಲಿಸಿ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 25 ಕಡಿಮೆ ತಿಂದವು ಉಳಿದವಕ್ಕಿಂತ ಸುಮಾರು 1.8 ವರ್ಷ ಹೆಚ್ಚು ಬದುಕಿದವು, ಕೀಲುಬೇನೆಯೂ ಅವಕ್ಕೆ ತಡವಾಗಿ ಬಂತು. ಹಾಗಾಗಿ ಹೊಲಿಗೆ ಬಿಚ್ಚಿಸಲು ಹೋದ ದಿನವೇ ನಾಯಿಯನ್ನು ತೂಗಿಸಿ, ಹೊಸ ಅಳತೆ ಕೇಳಿಕೊಂಡು ಬರಬೇಕು. ಆಮೇಲೆ ಎರಡು ವಾರಕ್ಕೊಮ್ಮೆ ಪಕ್ಕೆ ಸವರಿ ನೋಡಿದರೆ ಸಾಕು. ಒತ್ತದೆಯೇ ಪಕ್ಕೆಲುಬು ಬೆರಳಿಗೆ ಸಿಗುತ್ತಿರಬೇಕು.